ಸಹಾಯ ಬೇಕು: ಕ್ಯೂಬ್‌ಸ್ಯಾಟ್ ಬ್ಯಾಟರಿ ಹೀಟರ್ ಯಾರ ಹಿಡಿತದಲ್ಲಿರಬೇಕು?

ಎಲ್ಲರಿಗೂ ನಮಸ್ಕಾರ. ನಮ್ಮ ವಿದ್ಯಾರ್ಥಿ ತಂಡ 10 ಸೆಂ.ಮೀ. ಘನಾಕಾರದ ಕ್ಯೂಬ್‌ಸ್ಯಾಟ್‌ಗೆ (ಪುಟ್ಟ ಉಪಗ್ರಹ) ಪವರ್ ಬೋರ್ಡ್ ಮಾಡುತ್ತಿದೆ. ಕಕ್ಷೆ ಸುಮಾರು 500 ಕಿ.ಮೀ. ಎತ್ತರದ್ದು. ಒಂದು ಸುತ್ತಿಗೆ ಹೆಚ್ಚುಕಡಿಮೆ 95 ನಿಮಿಷ, ಅದರಲ್ಲಿ 35 ನಿಮಿಷದಷ್ಟು ಭೂಮಿಯ ನೆರಳು.

ಬ್ಯಾಟರಿಯಲ್ಲಿ ಎರಡು 18650 (ಸಿಲಿಂಡರ್ ಆಕಾರದ) ಲಿಥಿಯಂ ಅಯಾನ್ ಸೆಲ್ ಸರಣಿಯಲ್ಲಿವೆ. ನೆರಳಿನಲ್ಲಿ ಖರ್ಚಾಗುವ ಚಾರ್ಜ್ ಕಮ್ಮಿಯೇ, ಅದರ ಚಿಂತೆ ಇಲ್ಲ. ತಲೆನೋವು ಚಳಿಯದು. ನೆರಳಿನಿಂದ ಹೊರಬಂದ ಕೂಡಲೇ ಪ್ಯಾನೆಲ್‌ಗಳು ಚಾರ್ಜ್ ಮಾಡತೊಡಗುತ್ತವೆ. ಆಗ ಸೆಲ್ 0 ಡಿಗ್ರಿಗಿಂತ ತಣ್ಣಗಿದ್ದರೆ ಆನೋಡ್ (ಸೆಲ್‌ನ ಋಣ ವಿದ್ಯುದ್ವಾರ) ಮೇಲೆ ಲಿಥಿಯಂ ಲೋಹ ಕೂರುತ್ತದೆ, ಕಳೆದುಕೊಂಡ ಸಾಮರ್ಥ್ಯ ಮತ್ತೆ ಬರುವುದಿಲ್ಲ. ದಿನಕ್ಕೆ 15 ಸುತ್ತು ಅಂದರೆ ವರ್ಷಕ್ಕೆ 5,000ಕ್ಕೂ ಜಾಸ್ತಿ ಸಲ ಈ ಗಂಡಾಂತರ!

ಹೀಟರ್ ಬೇಕೇ ಬೇಕು. ಅದನ್ನು ಆನ್‌ಬೋರ್ಡ್ ಕಂಪ್ಯೂಟರ್‌ಗೆ ಬಿಡಬೇಕಾ, ಅಥವಾ ಥರ್ಮಿಸ್ಟರ್ (ಉಷ್ಣತೆ ಅಳೆಯುವ ಸೆನ್ಸರ್), ಕಂಪ್ಯಾರೇಟರ್ (ಅದರ ವೋಲ್ಟೇಜನ್ನು ಮಿತಿಯೊಂದಿಗೆ ಹೋಲಿಸುವ ಸರ್ಕ್ಯೂಟ್) ಇಟ್ಟು ಹಾರ್ಡ್‌ವೇರ್‌ನಲ್ಲೇ ಮುಗಿಸಬೇಕಾ? ನನಗೆ ಎರಡನೆಯದೇ ಸರಿ ಅನ್ನಿಸುತ್ತದೆ. ಕಂಪ್ಯೂಟರ್ ಹ್ಯಾಂಗ್ ಆದರೂ ಸೆಲ್ ಉಳಿಯಬೇಕಲ್ವಾ. ಆದರೆ ಥರ್ಮಿಸ್ಟರ್ ಕೆಟ್ಟು ಹೀಟರ್ ಆನ್ ಆಗಿಯೇ ಉಳಿದರೆ ಬ್ಯಾಟರಿ ಸುಮ್ನೆ ಬರಿದಾಗುತ್ತದೆ. ಅದಕ್ಕೇನು ದಾರಿ?

ಮಾಡಿ ನೋಡಿದವರು ಹೇಳಿ: ಆನ್, ಆಫ್ ಆಗಲು ಎಷ್ಟೆಷ್ಟು ಡಿಗ್ರಿ ಇಟ್ಟಿರಿ? ಥರ್ಮಲ್ ವ್ಯಾಕ್ಯೂಮ್ ಪರೀಕ್ಷೆಯಲ್ಲಿ (ನಿರ್ವಾತದಲ್ಲಿ ಚಳಿ, ಬಿಸಿ ಕೊಟ್ಟು ನೋಡುವುದು) ಸೆನ್ಸರ್ ತೋರಿಸಿದ್ದಕ್ಕೂ ಸೆಲ್‌ನ ನಿಜವಾದ ಉಷ್ಣತೆಗೂ ವ್ಯತ್ಯಾಸ ಬಂತಾ? ಸರ್ಕ್ಯೂಟ್ ಚಿತ್ರ ಇದ್ದರೆ ಇನ್ನೂ ಒಳ್ಳೆಯದು.