ಅಮ್ಮನ ಶುಗರ್ ಮನೆ ಮೀಟರಲ್ಲಿ ಒಂದು, ಲ್ಯಾಬಲ್ಲಿ ಇನ್ನೊಂದು, ಯಾವ್ದನ್ನ ನಂಬೋದು?

ತುಮಕೂರು_ಹುಡ್ಗಿ
ಅಮ್ಮಂಗೆ ಶುಗರ್ ಇದೆ, ಇನ್ಸುಲಿನ್ ಇಲ್ಲ, ಬರೀ ಮಾತ್ರೆ (ಮೆಟ್‌ಫಾರ್ಮಿನ್, ಗ್ಲಿಮೆಪಿರೈಡ್). ಮೊನ್ನೆ ಲ್ಯಾಬಿಗೆ ಹೊರಡೋ ಮುಂಚೆ ಮನೇಲೇ ಖಾಲಿ ಹೊಟ್ಟೇಲಿ ನೋಡಿದ್ವಿ 148 ಇತ್ತು, ಲ್ಯಾಬ್ ರಿಪೋರ್ಟ್ ನೋಡಿದ್ರೆ 131. ಅದಿರ್ಲಿ ಅಂದ್ರೆ ನಿನ್ನೆ ಸಂಜೆ ಒಂದು ಬೆರಳಲ್ಲಿ 214, ಗಾಬರಿಯಾಗಿ ಕೈ ತೊಳೆಸಿ ಇನ್ನೊಂದು ಬೆರಳು ಚುಚ್ಚಿದ್ರೆ 163! ಅಮ್ಮ ಈಗ "ಆ ಡಬ್ಬಾ ಮಿಷನ್ ಎತ್ತಿಡು, ಸುಮ್ನೆ ರಕ್ತ ದಂಡ" ಅಂತಿದಾರೆ. ಮೀಟರ್ ಬದಲಾಯಿಸ್ಬೇಕಾ?

ಲ್ಯಾಬ್_ಅಣ್ಣ
ಮೀಟರ್ ಸರಿಯಾಗೇ ಇದ್ದಂಗಿದೆ ಕಣಮ್ಮ. ಐಎಸ್‌ಒದವ್ರು (ಅಂತಾರಾಷ್ಟ್ರೀಯ ಗುಣಮಟ್ಟ ಸಂಸ್ಥೆ) 2013ರಲ್ಲಿ ಮಾಡಿರೋ ಸ್ಟ್ಯಾಂಡರ್ಡ್ ಪ್ರಕಾರ ಶುಗರ್ 100 ಇಲ್ಲಾ ಅದಕ್ಕಿಂತ ಮೇಲಿದ್ರೆ ಶೇಕಡ 15 ಆಚೀಚೆ, 100ರ ಒಳಗಿದ್ರೆ 15 ಪಾಯಿಂಟ್ ಆಚೀಚೆ ಬರಬಹುದು, ನೂರಕ್ಕೆ 95 ರೀಡಿಂಗ್ ಇದರೊಳಗೆ ಬಂದ್ರೆ ಪಾಸು. 131ಕ್ಕೆ ಲೆಕ್ಕ ಹಾಕಿದ್ರೆ 111ರಿಂದ 150, ನಿಮ್ಮ 148 ಅದರೊಳಗೇ ಬಂತಲ್ಲ. ಇನ್ನೊಂದು, ಲ್ಯಾಬ್ ನಂಬರ್ ಅಂದ್ರೆ ವೇದವಾಕ್ಯ ಅಲ್ಲ, ರಕ್ತ ತೆಗೆದು ಹಂಗೇ ಇಟ್ಬಿಟ್ರೆ ಟ್ಯೂಬೊಳಗೇ ರಕ್ತಕಣಗಳು ಗ್ಲುಕೋಸ್ ತಿಂತಾ ಇರ್ತವೆ, ಗಂಟೆಗೆ ಶೇಕಡ 5-7 ಇಳಿಯುತ್ತೆ, ಅದಕ್ಕೇ ಶುಗರ್‌ಗೆ ಬೂದು ಮುಚ್ಚಳದ ಫ್ಲೋರೈಡ್ ಟ್ಯೂಬು ಬಳಸೋದು, ಅದರಲ್ಲೂ ಮೊದ್ಲು ಒಂಚೂರು ಇಳಿದೇ ಇಳಿಯುತ್ತೆ.
214ರ ಕತೆ ಬೇರೆ. ಚುಚ್ಚೋ ಮುಂಚೆ ಏನಾದ್ರೂ ಹಣ್ಣು ಮುಟ್ಟಿದ್ರಾ?

ತುಮಕೂರು_ಹುಡ್ಗಿ
ಅಯ್ಯೋ ಹೌದು ಅಣ್ಣ, ಕೈಗೆ ಎಣ್ಣೆ ಹಚ್ಕೊಂಡು ಹಲಸಿನ ತೊಳೆ ಬಿಡಿಸ್ತಾ ಕೂತಿದ್ರು, ಸೆರಗಿಗೆ ಒರೆಸ್ಕೊಂಡು ಬೆರಳು ಕೊಟ್ರು, ನಾನು ಸ್ಪಿರಿಟ್ ಹತ್ತೀಲಿ ಒರೆಸಿದ್ದೆ.

ಲ್ಯಾಬ್_ಅಣ್ಣ
ಅದೇ ಇರ್ಬೇಕು, ಬೆರಳಿಗಂಟಿದ ಹಣ್ಣಿನ ಸಕ್ಕರೆ ರಕ್ತದ ಹನಿಗೆ ಸೇರಿ ಜಾಸ್ತಿ ತೋರಿಸಿದೆ. ಹಣ್ಣಿನ ಅಂಟಿಗೆ ಸ್ಪಿರಿಟ್ ಸಾಲಲ್ಲ, ಸೋಪು ನೀರಲ್ಲಿ ತೊಳೆದು ಚೆನ್ನಾಗಿ ಒಣಗಿಸಿ, ಒದ್ದೆ ಇದ್ರೂ ಎಡವಟ್ಟು. ಬೆರಳ ತುದಿ ಮಧ್ಯಕ್ಕೆ ಚುಚ್ಬೇಡಿ ಪಕ್ಕಕ್ಕೆ ಚುಚ್ಚಿ, ನೋವು ಕಮ್ಮಿ. ರಕ್ತ ಬರ್ಲಿಲ್ಲ ಅಂತ ಹಿಂಡ್ಬೇಡಿ, ಕೈ ಕೆಳಗೆ ಇಳಿಬಿಟ್ಟು ಬಿಸಿನೀರಲ್ಲಿ ತೊಳೆದ್ರೆ ತಾನಾಗೇ ಬರುತ್ತೆ. ಮೀಟರಿಗೆ ಹಾಕೋ ಸ್ಟ್ರಿಪ್ ಡಬ್ಬಿ ಒಲೆ ಪಕ್ಕನೂ ಬೇಡ ಫ್ರಿಜ್ಜೂ ಬೇಡ, ಒಂದು ತಗೊಂಡ ತಕ್ಷಣ ಮುಚ್ಚಳ ಟಪ್ ಅಂತ ಹಾಕ್ಬಿಡಿ.

ಮುದ್ದೆಪ್ರಿಯ
ನನ್ನ ಪ್ರಕಾರ ಎರಡು ನಂಬರ್ ತಾಳೆ ನೋಡ್ತಾ ಕೂರೋದಕ್ಕಿಂತ ಸ್ಟ್ರಿಪ್ಪನ್ನ ಬುದ್ಧಿವಂತಿಕೆಯಿಂದ ಖರ್ಚು ಮಾಡಿ, ಅದೇನು ಕಡಿಮೆ ರೇಟಾ? ಊಟಕ್ಕೆ ಮುಂಚೆ ಒಂದು, ಮೊದಲ ತುತ್ತಿಂದ ಎರಡು ಗಂಟೆಗೆ ಇನ್ನೊಂದು (ಕೈ ತೊಳೆದ ಮೇಲಿಂದ ಅಲ್ಲ!). ಒಂದಿನ ಮುದ್ದೆ, ಒಂದಿನ ಅನ್ನ, ಹಂಗೆ ಜೋಡಿ ಜೋಡಿ ಬರೆದಿಟ್ರೆ ಯಾವ್ದು ಏರಿಸುತ್ತೆ ಅಂತ ಅಮ್ಮಂಗೇ ಗೊತ್ತಾಗುತ್ತೆ, ರಾಗಿ ಅಂದ್ರೆ ಶುಗರ್ ಏರಲ್ಲ ಅಂತ ಎರಡೆರಡು ಮುದ್ದೆ ನುಂಗೋರೂ ಇದಾರೆ ನಮ್ಮ ಕಡೆ. ಸಾಮಾನ್ಯವಾಗಿ ಖಾಲಿ ಹೊಟ್ಟೇಲಿ 80-130, ಊಟ ಆಗಿ 180ರ ಒಳಗೆ ಅಂತಾರೆ, ವಯಸ್ಸಾದೋರಿಗೆ ಡಾಕ್ಟ್ರು ಸ್ವಲ್ಪ ಸಡಿಲ ಬಿಡ್ತಾರೆ, ಕೇಳ್ಕೊಳ್ಳಿ.

ಶಿವಮೊಗ್ಗ_ಸಿಸ್ಟರ್
ಗ್ಲಿಮೆಪಿರೈಡ್ ಅಂದ್ರಲ್ಲ, ಅದು ಕೆಲವೊಮ್ಮೆ ಶುಗರ್ ತೀರಾ ಡೌನ್ ಮಾಡಿಬಿಡೋ ಮಾತ್ರೆ, ಹಾಗಾಗಿ ಮೀಟರ್ ಎತ್ತಿಡೋ ಮಾತೇ ಇಲ್ಲ. ಬೆವರು, ಕೈ ನಡುಕ, ತಲೆ ಗಿರ್ ಅಂದ್ರೆ ತಕ್ಷಣ ನೋಡಿ, 70ಕ್ಕಿಂತ ಕಮ್ಮಿ ಇದ್ರೆ ಮೂರು ನಾಲ್ಕು ಟೀ ಚಮಚ ಸಕ್ಕರೆ ನೀರಿಗೆ ಹಾಕಿ ಕುಡಿಸಿ, 15 ನಿಮಿಷ ಬಿಟ್ಟು ಮತ್ತೆ ನೋಡಿ, ಇನ್ನೂ ಕಮ್ಮಿ ಇದ್ರೆ ಮತ್ತೆ ಕುಡಿಸಿ. ಎಚ್ಚರ ತಪ್ಪಿದ್ರೆ ಮಾತ್ರ ಬಾಯಿಗೆ ಏನೂ ಹಾಕ್ಬೇಡಿ, 108ಕ್ಕೆ ಫೋನ್ ಮಾಡಿ. ಹಾಗೇ ಅಮ್ಮನ ಎಚ್‌ಬಿ (ಹಿಮೋಗ್ಲೋಬಿನ್) ಎಷ್ಟಿದೆ ನೋಡಿ, ರಕ್ತ ತೀರಾ ಕಮ್ಮಿ ಇದ್ರೆ ಮೀಟರ್ ಇರೋದಕ್ಕಿಂತ ಜಾಸ್ತಿ ತೋರಿಸ್ಬಹುದು.

ತುಮಕೂರು_ಹುಡ್ಗಿ
ಎಚ್‌ಬಿ ನೋಡಿಸ್ತೀನಿ ಅಕ್ಕ. ಚುಚ್ಚಿದ ಸೂಜಿ ಏನ್ ಮಾಡ್ತೀರಾ ಎಲ್ರೂ?

ಶಿವಮೊಗ್ಗ_ಸಿಸ್ಟರ್
ಗಟ್ಟಿ ಪ್ಲಾಸ್ಟಿಕ್ಕಿನ ಫಿನಾಯಿಲ್ ಬಾಟ್ಲಿಗೆ ಹಾಕ್ತಾ ಬನ್ನಿ, ಮುಕ್ಕಾಲು ತುಂಬಿದ್ಮೇಲೆ ಮುಚ್ಚಳಕ್ಕೆ ಟೇಪ್ ಸುತ್ತಿ "ಸೂಜಿ ಇದೆ" ಅಂತ ಬರೆದು ಕಸದ ಗಾಡಿಯೋರಿಗೆ ಬೇರೆಯಾಗೇ ಹೇಳಿ ಕೊಡಿ. ಹಸಿ ಕಸದಲ್ಲಿ ಮಾತ್ರ ಹಾಕ್ಬೇಡಿ, ಅವ್ರು ಅದನ್ನ ಕೈಯಲ್ಲೇ ವಿಂಗಡಿಸ್ತಾರೆ.