ಸಹಾಯ ಬೇಕು: ಹಳೇ ಬೆಳ್ಳಿ ರೂಪಾಯಿ ಮಾರುವಾಗ ಎಷ್ಟು ಕಳೀತಾರೆ?

2025ರ ಅಕ್ಟೋಬರ್‌ನಲ್ಲಿ ಗಟ್ಟಿ ಬೆಳ್ಳಿ ಸಿಗದೆ ಬೆಳ್ಳಿಯಲ್ಲಿ ದುಡ್ಡು ಹೂಡೋ ಕೆಲವು ಸಿಲ್ವರ್ ಫಂಡ್‌ಗಳೇ ಹೊಸ ದುಡ್ಡು ತಗೊಳ್ಳೋದನ್ನ ನಿಲ್ಲಿಸಿದ್ದವು. ಹೊಸ 10 ಗ್ರಾಂ ನಾಣ್ಯಕ್ಕೆ ಕೊಟ್ಟ ಮೇಕಿಂಗ್ ಚಾರ್ಜ್, 3% ಜಿಎಸ್‌ಟಿ ಮಾರುವಾಗ ವಾಪಸ್ ಬರಲ್ಲ. ಅದಕ್ಕೇ ಬ್ರಿಟಿಷರ ಕಾಲದ ಹಳೇ ರೂಪಾಯಿ ಕೊಳ್ಳೋಣ ಅಂತ ನೋಡ್ತಿದೀನಿ.

ತೂಕ 11.66 ಗ್ರಾಂ. ವಿಕ್ಟೋರಿಯಾ, 5ನೇ ಜಾರ್ಜ್ ನಾಣ್ಯದಲ್ಲಿ ಶುದ್ಧ ಬೆಳ್ಳಿ ಸುಮಾರು 10.69 ಗ್ರಾಂ. 1940–45ರದ್ದು ಅರ್ಧಕ್ಕರ್ಧ ಬೆರಕೆ, 5.83 ಗ್ರಾಂ ಅಷ್ಟೇ. 1947ರದ್ದು ಬರೀ ನಿಕ್ಕಲ್! ಸರಕ್ಕೆ ಪೋಣಿಸೋಕೆ ಕೊಂಡಿ ಬೆಸೆದಿದ್ದ ನಾಣ್ಯವಾದ್ರೆ ಅಂಚಲ್ಲಿ ಬೆಸುಗೆ ಉಳಿದಿರುತ್ತೆ, ಕರಗಿಸಿದ್ರೆ ಟಂಚ್ (ಬೆಳ್ಳಿಯ ಶುದ್ಧತೆ) ಇಳಿಯುತ್ತೆ.

ಬೆಂಗಳೂರಿನ ನಗರ್ತಪೇಟೆ ಕಡೆ ಕರಗಿಸದೆ, ಇಸವಿ ನೋಡಿ 91.7% ಶುದ್ಧತೆಯ ಲೆಕ್ಕದಲ್ಲೇ ಕೊಳ್ಳೋರು ಇದಾರಾ? ಗ್ರಾಂಗೆ ಎಷ್ಟು ಮುರೀತಾರೆ? 2.92 ಗ್ರಾಂನ ನಾಲ್ಕಾಣೆಗೂ ಅದೇ ದರವಾ? ಗೊತ್ತಿರೋರು ತಿಳಿಸಿ.