ಹೊಂಡ ತೋಡಿ ಬೆಂಡೆ ಹಾಕಿದರೆ

ತೀರ್ಥಹಳ್ಳಿ ಕಡೆಯ ಒಂದು ಜಗಲಿ. ರೋಹಿಣಿ ಮಳೆ ಒಂದು ಸುತ್ತು ಹೊಡೆದು ಬಿಟ್ಟಿದೆ. ಬೆಂಗಳೂರು ಬಿಟ್ಟು ಬಂದ ಮಾಣಿ ಅಂಗಳದ ಮೂಲೆಯಲ್ಲಿ ಹಾರೆ ಹಿಡಿದಿದ್ದಾನೆ. ಉಳಿದವರು ಕಾಫಿ ಲೋಟ ಹಿಡಿದಿದ್ದಾರೆ.

ಭಾವ: ಎಂತದಾ ಮಾಣಿ, ಬಾವಿ ತೋಡ್ತಾ ಇದ್ದೀಯಾ?

ಮಾಣಿ: ಪಾತಿ, ಭಾವ. ಒಂದಡಿ ಆಳ ತೆಗೆದು, ಸೆಗಣಿ ತುಂಬಿ, ಬೆಂಡೆ ಬೀಜ. ವಿಡಿಯೋದಲ್ಲಿ ನೋಡಿದ್ದು.

ಮೇಷ್ಟ್ರು: ಆ ವಿಡಿಯೋ ರಾಯಚೂರು ಕಡೇದಿರಬೇಕು. ಅಲ್ಲಿ ನೀರು ನಿಲ್ಲಲಿ ಅಂತ ಗುಂಡಿ ತೆಗೀತಾರೆ. ಇಲ್ಲಿ ಆರಿದ್ರಾ ಮಳೆ ಹಿಡೀತು ಅಂದ್ರೆ ನಿನ್ನ ಪಾತಿಯಲ್ಲಿ ಕಪ್ಪೆ ಫಸಲು ಬರ್ತದೆ.

ಅತ್ತಿಗೆ: ನಮ್ಮಲ್ಲಿ ತರಕಾರಿ ಮಾಡೋದು ಅಂದ್ರೆ ನೀರು ಕೊಡೋದಲ್ಲ ಮಾರಾಯ, ನೀರು ಕಳಿಸೋದು. ಒಂದಡಿ ಎತ್ತರದ ಏರಿ ಹಾಕು. ಅಗಲ ಮೂರಡಿ ಸಾಕು, ಎರಡೂ ಕಡೆಯಿಂದ ನಡುವಿಗೆ ಕೈ ಸಿಗಬೇಕು. ಐದಡಿ ಮಾಡಿದೆಯೋ, ಕಳೆ ಕೀಳೋಕೆ ಏರಿ ಹತ್ತಿ ತುಳೀತೀಯ. ಮಣ್ಣು ಗಟ್ಟಿಯಾಗಿ ಬೇರಿಗೆ ಉಸಿರಾಡೋಕೆ ಜಾಗ ಇರೋದಿಲ್ಲ. ನಡುವಿನ ಕಾಲುವೆ ಇಳಿಜಾರಿಗೆ ತಿರುಗಿಸು.

ಭಾವ: ನನ್ನ ತೋಟಕ್ಕೆ ಮಾತ್ರ ಬೇಡ. ಅಡಿಕೆಗೆ ಕೊಳೆ ರೋಗ ತರೋಕೆ ಮಳೆಯೊಂದೇ ಸಾಕು.

ಮೇಷ್ಟ್ರು: ಹಸಿ ಸೆಗಣಿಯನ್ನೂ ತುಂಬಬೇಡ. ಮಣ್ಣೊಳಗೇ ಕೊಳೆಯೋಕೆ ಶುರುವಾಗಿ ಬಿಸಿ ಏಳ್ತದೆ, ಎಳೆ ಬೇರು ಸುಡ್ತದೆ. ಬೇರು ತಿನ್ನೋ ಗೊಣ್ಣೆಹುಳಕ್ಕೂ ಅದೇ ಊಟ. ಕಪ್ಪಗೆ ಪುಡಿಯಾದ ಹಟ್ಟಿಗೊಬ್ಬರವೇ ಬೇಕು. ಮತ್ತೆ ಸುಣ್ಣ.

ಭಾವ: ಎಲೆ ಅಡಿಕೆ ತರ್ಲಾ?

ಮೇಷ್ಟ್ರು: ಕೃಷಿ ಸುಣ್ಣ! ಇಷ್ಟು ಮಳೆಗೆ ಮಣ್ಣಿನ ಸುಣ್ಣದಂಶ ತೊಳೆದುಹೋಗಿ ಹುಳಿ ಮಣ್ಣಾಗಿರ್ತದೆ. ಚದರ ಮೀಟರಿಗೆ 100 ಗ್ರಾಂ ಉದುರಿಸಿ ಮಣ್ಣಿಗೆ ಬೆರೆಸು. ಗೊಬ್ಬರ ಅದರ ಜೊತೆಗೇ ಬೇಡ, ಸಾರಜನಕ ಗಾಳಿಗೆ ಹೋಗ್ತದೆ. ಎರಡು ವಾರ ಬಿಟ್ಟು ಮೃಗಶಿರ ಮಳೆಗೆ ಗೊಬ್ಬರ, ಬೀಜ.

ಮಾಣಿ: ಕಾಂಪೋಸ್ಟ್ ಡ್ರಮ್ಮನ್ನೂ ಇಟ್ಟಿದ್ದೆ. ವಾಸನೆ ತಡೆಯೋಕೆ ಆಗ್ತಿಲ್ಲ.

ಅತ್ತಿಗೆ: (ಒಂದು ಮುಷ್ಟಿ ತೆಗೆದು ಹಿಂಡುತ್ತಾಳೆ, ಮೊಣಕೈವರೆಗೆ ಕಂದು ನೀರು ಇಳಿಯುತ್ತದೆ) ಇದು ಗೊಬ್ಬರವಾ, ತಂಬುಳಿಯಾ? ಹಿಂಡಿದರೆ ಬೆರಳ ಸಂದಿಯಲ್ಲಿ ಒಂದೆರಡು ಹನಿ ಬಂದರೆ ಹದ. ಡ್ರಮ್ಮಿನ ತಳಕ್ಕೆ ತೂತು ಕೊರಿ, ಮೇಲೆ ತಗಡು ಮುಚ್ಚು, ಒಂದು ಬುಟ್ಟಿ ಅಡುಗೆಮನೆ ಸಿಪ್ಪೆಗೆ ಮೂರು ಬುಟ್ಟಿ ದರಗು, ಅಂದ್ರೆ ಒಣಗಿದ ಎಲೆ, ಹಾಕು. ದರಗನ್ನ ಬೇಸಗೆಯಲ್ಲೇ ಗುಡಿಸಿ ಮಾಡಿನಡಿ ತುಂಬಿಡಬೇಕು, ಜುಲೈಯಲ್ಲಿ ಹುಡುಕಿದರೆ ಎಲ್ಲಿ ಸಿಗ್ತದೆ? ಡ್ರಮ್ಮಿನೊಳಗಿನ ಈ ದಪ್ಪ ಹುಳಕ್ಕೆ ಹೆದರಬೇಡ, ಅವು ತಿಂದು ಕರಗಿಸೋವು.

ಮಾಣಿ: ಜೀವಾಮೃತ ಅನ್ನೋ ದ್ರವಗೊಬ್ಬರಕ್ಕೆ 200 ಲೀಟರಿನ ಡ್ರಮ್ಮು...

ಭಾವ: ಎಕರೆಗೆ ಹಾಕೋ ಲೆಕ್ಕ ಅದು! ನಿನ್ನ ಹತ್ತು ಬೆಂಡೆ ಗಿಡಕ್ಕೆ ಸ್ನಾನ ಮಾಡಿಸ್ತೀಯಾ?

ಅತ್ತಿಗೆ: 20 ಲೀಟರ್ ನೀರಿಗೆ ಒಂದು ಕೆಜಿ ಸೆಗಣಿ, ಒಂದು ಲೀಟರ್ ಗಂಜಲ, ಬೆಲ್ಲ 200 ಗ್ರಾಂ, ಕಡಲೆಹಿಟ್ಟು 200 ಗ್ರಾಂ, ಬದುವಿನ ಮಣ್ಣು ಒಂದು ಹಿಡಿ. ನೆರಳಲ್ಲಿಟ್ಟು ಗೋಣಿ ಮುಚ್ಚಿ, ದಿನಕ್ಕೆರಡು ಸಲ ತಿರುವು. ಮೂರನೇ ದಿನ ತಯಾರು, ವಾರದೊಳಗೆ ಮುಗಿಸು. ಅದೂ ಹೊಳವಾದ ದಿನ. ಸುರಿಯೋ ಮಳೆಯಲ್ಲಿ ಹಾಕಿದರೆ ತುಂಗೆಗೆ ನೈವೇದ್ಯ.

ಭಾವ: ಕಡಲೆಹಿಟ್ಟು ಮಿಕ್ಕಿದರೆ ಹೇಳು, ಮಳೆಗೆ ಬೋಂಡ ಆಗ್ತದೆ.

ಮಾಣಿ: ಟೊಮೆಟೊ ಸಸಿಯನ್ನೂ ತಂದಿದ್ದೇನೆ.

(ಮೂವರೂ ಒಟ್ಟಿಗೆ) ಅಯ್ಯೋ!

ಮೇಷ್ಟ್ರು: ಎಲೆ ದಿನವಿಡೀ ಒದ್ದೆಯಾಗಿದ್ದರೆ ಅಂಗಮಾರಿ ರೋಗ ಬಿಡೋದಿಲ್ಲ. ಟೊಮೆಟೊ, ಹೂಕೋಸು ಮಳೆ ಬಿಟ್ಟ ಮೇಲೆ. ಈಗ ಬೆಂಡೆ, ಹೀರೆ, ಮೊಗೆಸೌತೆ, ಬಸಳೆ. ಬೆಂಡೆ ಬೀಜ ರಾತ್ರಿ ನೆನೆಸಿ, ಒಂದೂವರೆ ಅಡಿಗೆ ಎರಡೆರಡು ಊರು, ಅರ್ಧ ಇಂಚು ಆಳ. ಮೊಳೆತ ಮೇಲೆ ಗಟ್ಟಿ ಸಸಿ ಉಳಿಸಿ ಇನ್ನೊಂದು ಕಿತ್ತುಹಾಕು.

ಮಾಣಿ: ಬಸವನಹುಳಕ್ಕೆ ಉಪ್ಪು ಹಾಕ್ಲಾ?

ಅತ್ತಿಗೆ: ಉಪ್ಪು ಕರಗಿ ಗಿಡವನ್ನೇ ಕೊಲ್ತದೆ. ಬೂದಿಯೂ ಒಂದೇ ಮಳೆಗೆ ಮುಗೀತು. ಸಂಜೆ ಏರಿ ಪಕ್ಕ ಒದ್ದೆ ಗೋಣಿ ಹಾಸು, ಒಳಗೆ ಪಪ್ಪಾಯಿ ಎಲೆ. ಬೆಳಿಗ್ಗೆ ಮಗುಚಿದರೆ ಅಡಿಯಲ್ಲಿ ಸಾಲಾಗಿ ಅಂಟಿಕೊಂಡಿರ್ತವೆ. ಕಡ್ಡಿಯಲ್ಲಿ ಹೆಕ್ಕಿ ಸೋಪಿನ ನೀರಿಗೆ ಹಾಕು.

ಭಾವ: ಮಂಗಕ್ಕೂ ಗೋಣಿ ಹಾಸಿದರೆ ಆಗ್ತದಾ?

(ಯಾರೂ ಉತ್ತರ ಕೊಡುವುದಿಲ್ಲ. ಗುಡ್ಡದ ಆಚೆ ಗುಡುಗು.)

ಮಾಣಿ: ಹಾಗಾದ್ರೆ ತೋಡಿದ ಈ ಹೊಂಡ?

ಅತ್ತಿಗೆ: ಮುಚ್ಚಬೇಡ. ಕೆಸು ನೆಡು, ನೀರು ನಿಂತರೂ ಬೇಜಾರಿಲ್ಲ ಅದಕ್ಕೆ.

ಭಾವ: ಆ ಕೆಸುವಿನೆಲೆಯಲ್ಲಿ ಪತ್ರೊಡೆ ಮಾಡೋ ದಿನ ಒಂದು ಫೋನ್ ಮಾಡು ಮಾಣಿ. ಇನ್ನೆರಡು ಹೊಂಡ ಬೇಕಾದ್ರೆ ನಾನೇ ತೋಡಿ ಕೊಡ್ತೇನೆ.